ಆಷಾಢದಲ್ಲಿ ಬಿಚ್ಚಿದ ಎಂಜಿನ್ನು

ಗುಂಡ್ಲುಪೇಟೆ ಬಿಟ್ಟು ಊಟಿ ದಾರಿ ಹಿಡಿದರೆ ಮೇಲುಕಾಮನಹಳ್ಳಿ, ಕೇರಳದ ದಾರಿ ಹಿಡಿದರೆ ಮದ್ದೂರು. ಎರಡು ಕಡೆಯೂ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ. ರಾತ್ರಿ 9 ಹೊಡೆಯುತ್ತಿದ್ದಂತೆ ಗೇಟು ಬೀಳುತ್ತದೆ, ಮತ್ತೆ ಏಳುವುದು ಬೆಳಗ್ಗೆ 6ಕ್ಕೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಈ ಆದೇಶ ಹೊರಡಿಸಿತು, 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಬಂಡೀಪುರದ ಕಾಡಿಗೆ ದಿನಕ್ಕೆ ಒಂಬತ್ತು ಗಂಟೆಗಳ ಬಿಡುವು ಸಿಕ್ಕಿದೆ. ಆಂಬುಲೆನ್ಸಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಸ್ತೆಯಲ್ಲಿ ಪ್ರಾಣಿಗಳು ಸಾಯುತ್ತಿದ್ದ ಪರಿಗೆ ಈ ಗೇಟು ಬೇಕೇ ಬೇಕಿತ್ತು. ಆದರೆ ಇದೇ ಗೇಟು ಈ ಸೀಮೆಯ ಲಾರಿ ಮಾಲೀಕರಿಗೆ ಹೊಸದೊಂದು ಲೆಕ್ಕಾಚಾರವನ್ನೂ ಕಲಿಸಿದೆ. ಎಂಜಿನ್ನು ಕೆಟ್ಟ ಮೇಲೆ ನೋಡಿಕೊಳ್ಳೋಣ ಎಂಬ ಹಳೆಯ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಕಾರಣ ಸರಳ. ಬಂಡೀಪುರದೊಳಗೆ ಹಾದುಹೋಗುವ ರಸ್ತೆ ಕೇರಳದ ಕಡೆಗೆ ಇಪ್ಪತ್ತು ಕಿ.ಮೀ. ಆಸುಪಾಸು, ತಮಿಳುನಾಡಿನ ಕಡೆಗೆ ಹದಿಮೂರರಷ್ಟು. ಅಷ್ಟು ದೂರದಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಸಂಜೆ ಆರೂವರೆಗೆ ಮದ್ದೂರು ದಾಟಿದ ಟೊಮ್ಯಾಟೊ ಲಾರಿಯ ರೇಡಿಯೇಟರ್ ಹೋಸು ಮೂಲೆಹೊಳೆಗೆ ಮುಂಚೆ ಒಡೆಯಿತು ಎನ್ನಿ. ಪಕ್ಕದಲ್ಲಿ ಅಂಗಡಿಯಿಲ್ಲ, ಮೆಕ್ಯಾನಿಕ್ ಬರಬೇಕೆಂದರೆ ಗುಂಡ್ಲುಪೇಟೆಯಿಂದ ಬರಬೇಕು, ಅವನು ಬರುವಷ್ಟರಲ್ಲಿ ಗೇಟಿನ ಹೊತ್ತು ಹತ್ತಿರವಾಗಿರುತ್ತದೆ. ಎಂಜಿನ್ನಿನ ಬಿಸಿ ಆರಬೇಕು, ನೀರು ಸಿಗಬೇಕು, ಅಷ್ಟರೊಳಗೆ ಆನೆ ಬರದಿರಬೇಕು. ಲಾರಿಯೊಳಗಿನ ತರಕಾರಿಯ ವಾಸನೆ ಆನೆಗಳಿಗೆ ಚೆನ್ನಾಗಿ ಗೊತ್ತು. ಸತ್ಯಮಂಗಲದ ದಾರಿಯಲ್ಲಿ, ಹಾಸನೂರಿನ ಬಳಿ, ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವ ಆನೆಗಳ ಚಿತ್ರ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಆ ಸತ್ಯಮಂಗಲದ ದಾರಿಯ ಕಷ್ಟವೇ ಬೇರೆ ತರಹದ್ದು. ಚಾಮರಾಜನಗರದಿಂದ ಪುಣಜನೂರು ಚೆಕ್‌ಪೋಸ್ಟ್ ದಾಟಿ ಹೊರಟರೆ ಹಾಸನೂರು, ಆಮೇಲೆ ದಿಂಬಂ ಘಾಟಿ. ಬಣ್ಣಾರಿಯವರೆಗೆ 27 ತಿರುವುಗಳು. ಇಳಿಯುವಾಗ ಬ್ರೇಕಿಗೆ ಪರೀಕ್ಷೆ, ಹತ್ತುವಾಗ ಎಂಜಿನ್ನಿಗೆ. ಕೊಯಮತ್ತೂರು, ಈರೋಡಿನ ಕಡೆಯಿಂದ ಮಾಲು ತುಂಬಿಕೊಂಡು ಬರುವ ಒಂದು ಲಾರಿ ತಿರುವಿನಲ್ಲಿ ನಿಂತರೆ ಅದರ ಹಿಂದೆ ಮುಂದೆ ಗಂಟೆಗಟ್ಟಲೆ ಸಾಲು ಬೆಳೆಯುತ್ತದೆ. ಅಲ್ಲೂ ಈಗ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಹೀಗೆ ಮೂರು ಕಾಡುದಾರಿಗಳ ಬಾಯಲ್ಲಿ ಕೂತ ಜಿಲ್ಲೆ ಇದು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರಕ್ಕೆ ದೊಡ್ಡ ಕಾರ್ಖಾನೆಗಳ ಹೆಸರಿಲ್ಲ. ಹೆಸರಿರುವುದು ಕರಿಕಲ್ಲಿಗೆ, ಅರಿಶಿನಕ್ಕೆ, ಬಾಳೆಗೆ, ಸಾಂಬಾರ್ ಈರುಳ್ಳಿಗೆ, ಓಣಂ ಹೊತ್ತಿಗೆ ಕೇರಳಕ್ಕೆ ಹೋಗುವ ಗುಂಡ್ಲುಪೇಟೆಯ ಚೆಂಡು ಹೂವಿಗೆ. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ತುಂಬಿದ ಬೀನ್ಸು, ಕೋಸು, ಬೀಟ್‌ರೂಟು ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯದ ಮಂಡಿಯಲ್ಲಿರಬೇಕು. ಇವನ್ನೆಲ್ಲ ಹೊರುವ ಕೆಎ-10 ನಂಬರಿನ ಗಾಡಿಗಳಲ್ಲಿ ಎಷ್ಟೋ ಗಾಡಿಗಳಿಗೆ ಮಾಲೀಕನೇ ಡ್ರೈವರು. ಸಾಲದ ಕಂತು ಅವನದೇ, ಟಯರಿನ ಖರ್ಚು ಅವನದೇ, ದಾರಿಯಲ್ಲಿ ನಿಂತರೆ ಕೊಳೆತ ಮಾಲಿನ ತಗಾದೆಯೂ ಅವನ ತಲೆಗೇ. ಆದ್ದರಿಂದಲೇ ಬಾಡಿಗೆ ಕಡಿಮೆ ಇರುವ ಹೊತ್ತು ನೋಡಿ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಇನ್ನೂ ಕೆಡದ ಎಂಜಿನ್ನನ್ನು ಬಿಚ್ಚುವ ಪದ್ಧತಿ ಇಲ್ಲಿ ಬೆಳೆದಿದೆ. ಕೆಲವರಿಗೆ ಅದು ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಮುಂಚಿನ ಕೆಲಸ, ಕೆಲವರಿಗೆ ಆಯುಧಪೂಜೆಗೆ ಮುಂಚಿನದು. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢದ ಬಿಡುವು ಇದಕ್ಕೆ ಬಹಳ ಒಪ್ಪುತ್ತದೆ. ಅದು ಮುಗಿದರೆ ಶ್ರಾವಣ, ಹಿಂದೆಯೇ ಓಣಂ ಬಾಡಿಗೆ. ಆಮೇಲೆ ಸ್ಪ್ಯಾನರ್ ಹಿಡಿಯಲು ಪುರುಸೊತ್ತು ಸಿಗದು.

ಈ ಪದ್ಧತಿಯ ಬಗ್ಗೆ ಗೌರವದಿಂದ ಮಾತಾಡುವವರು ಕಡಿಮೆ. ಕಂಪನಿಯ ಸರ್ವಿಸ್ ಸ್ಟೇಷನ್ ಇರುವಾಗ ಅಂಗಳದಲ್ಲಿ ಎಂಜಿನ್ ಬಿಚ್ಚುವುದು ಹಳ್ಳಿಯ ಹುಂಬತನ ಎನ್ನುವವರುಂಟು. ಆ ಮಾತು ಸರಿಯಲ್ಲ. ಕ್ರಮ ತಿಳಿದು ಮಾಡಿದರೆ ಮನೆಯಂಗಳದ ಕೆಲಸ ಎಂಜಿನ್ನಿನ ಆಯುಷ್ಯವನ್ನು ಖಂಡಿತ ಹೆಚ್ಚಿಸುತ್ತದೆ. ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದಕ್ಕೆ ಕೈ ಹಾಕಲೇಬಾರದು ಎಂಬ ಗೆರೆ ಮಾತ್ರ ಸ್ಪಷ್ಟವಿರಬೇಕು.

ಮೊದಲು ಎಂಜಿನ್ನಿನ ಸ್ವಭಾವ ನೋಡೋಣ. ಪ್ಯಾರಿಸ್ಸಿನಲ್ಲಿ 1858ರಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿದರೆ ಅದು ಐನೂರು ಡಿಗ್ರಿಗೂ ಮೀರಿ ಕಾಯುತ್ತದೆ, ಆ ಬಿಸಿಗೆ ಎರಚಿದ ಎಣ್ಣೆ ತಾನೇ ಹತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಎಣ್ಣೆಯನ್ನು ಅಳೆದು, ಹೊತ್ತು ನೋಡಿ, ಜೋರಿನಿಂದ ಎರಚುವ ಪಂಪು ಬಂದ ಮೇಲೆಯೇ ಈ ಎಂಜಿನ್ನು ಲಾರಿ ಹತ್ತಿತು. ಅಂಥ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ನಮ್ಮಲ್ಲಿ ಅದೇ ಪಂಪು, ನಾಜಲ್ಲುಗಳನ್ನು ಮನೆಮಾತಾಗಿಸಿದ್ದು 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಬೆಂಗಳೂರು ಆಡುಗೋಡಿಯ ಮೈಕೋ. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಹಳೆಯ ಡ್ರೈವರುಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ.

ಡೀಸೆಲ್ಲನ ಆ ಮೊದಲ ಯಂತ್ರ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26 ಪಾಲನ್ನು ಕೆಲಸವಾಗಿ ಬದಲಿಸಿತು. ಆ ಕಾಲಕ್ಕೆ ಅದು ಬೆರಗಿನ ಸಂಗತಿ. ಇಂದಿನ ಲಾರಿ ಎಂಜಿನ್ನು ನಲವತ್ತರ ಆಸುಪಾಸು ಮುಟ್ಟುತ್ತದೆ. ಉಳಿದದ್ದು ಬಿಸಿಯಾಗಿ ಹೊರಹೋಗಬೇಕು. ಒಂದು ಭಾಗ ಸೈಲೆನ್ಸರಿನಲ್ಲಿ, ಇನ್ನೊಂದು ದೊಡ್ಡ ಭಾಗ ನೀರಿನ ಮೂಲಕ. ಆ ನೀರಿನ ದಾರಿ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಆದ್ದರಿಂದ ಮುಂಜಾಗ್ರತೆಯ ಕೆಲಸ ಶುರುವಾಗಬೇಕಾದದ್ದು ರೇಡಿಯೇಟರಿನಿಂದ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. 2240 ಮೀಟರ್ ಎತ್ತರದ ಊಟಿಯಲ್ಲಿ 93ರ ಹತ್ತಿರವೇ ಕುದಿಯುತ್ತದೆ. ಅಂದರೆ ಗೂಡಲೂರಿನಿಂದ ಮೇಲೆ ಹತ್ತುತ್ತ ಹೋದಂತೆ ಎಂಜಿನ್ನಿಗೆ ಹೊರೆ ಹೆಚ್ಚುತ್ತದೆ, ನೀರು ಕುದಿಯುವ ಮಟ್ಟ ಇಳಿಯುತ್ತದೆ. ಇದಕ್ಕೆ ಇರುವ ರಕ್ಷಣೆ ರೇಡಿಯೇಟರಿನ ಮುಚ್ಚಳ. ಅದರೊಳಗಿನ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ನೀರು 120 ಡಿಗ್ರಿಯ ತನಕ ಕುದಿಯದೆ ನಿಲ್ಲುತ್ತದೆ. ಸ್ಪ್ರಿಂಗು ಸಡಿಲವಾಗಿ, ರಬ್ಬರು ಬಿರಿದ ಮುಚ್ಚಳದಲ್ಲಿ ಈ ರಕ್ಷಣೆ ಇಲ್ಲ. ನೋಡಲು ಮುಚ್ಚಳ ಮುಚ್ಚಿಯೇ ಇರುತ್ತದೆ, ನೀರು ಮಾತ್ರ ಆವಿಯಾಗಿ ಹೋಗುತ್ತಿರುತ್ತದೆ. ಕೆಲವು ನೂರು ರೂಪಾಯಿಯ ಈ ಮುಚ್ಚಳವನ್ನು ಬದಲಿಸದೆ ಲಕ್ಷದ ಎಂಜಿನ್ ಕೆಲಸಕ್ಕೆ ಇಳಿದವರಿದ್ದಾರೆ.

ಎರಡನೆಯದು ನೀರಿನ ಗುಣ. ಈ ಸೀಮೆಯ ಬೋರ್‌ವೆಲ್ಲುಗಳ ನೀರು ಗಡಸು. ಮನೆಯಲ್ಲಿ ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಪದರ ಕಟ್ಟುವುದನ್ನು ನೋಡಿಯೂ ಅದೇ ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ ಹೋಗಿಲ್ಲ. ಆ ಪದರ ಎಂಜಿನ್ನಿನ ನೀರಿನ ಕಾಲುವೆಗಳಲ್ಲಿ ಕಟ್ಟಿದರೆ ಬಿಸಿ ಲೋಹದಿಂದ ನೀರಿಗೆ ದಾಟುವುದಿಲ್ಲ. ಮೀಟರಿನಲ್ಲಿ ನೀರಿನ ಬಿಸಿ ಸರಿಯಾಗಿಯೇ ಕಾಣಬಹುದು, ಹೆಡ್ಡು ಮಾತ್ರ ಬೇಯುತ್ತಿರುತ್ತದೆ. ವೆಟ್ ಲೈನರ್, ಅಂದರೆ ಹೊರಮೈಗೆ ನೀರು ತಾಗುವ ಸಿಲಿಂಡರಿನ ಕೊಳವೆ, ಇರುವ ಎಂಜಿನ್ನುಗಳಲ್ಲಿ ಇನ್ನೊಂದು ಕೇಡುಂಟು. ಪ್ರತಿ ಸ್ಫೋಟಕ್ಕೂ ಲೈನರ್ ಅದುರುತ್ತದೆ. ಆ ಅದುರಿಗೆ ಅದರ ಹೊರಮೈಯ ನೀರಿನಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ. ಒಡೆಯುವಾಗಿನ ಪೆಟ್ಟಿಗೆ ಲೋಹದಲ್ಲಿ ಸೂಜಿಮೊನೆಯಷ್ಟು ಕುಳಿಗಳು ಬೀಳುತ್ತವೆ, ಬೆಳೆದು ತೂತಾಗಿ ಕೊನೆಗೆ ನೀರು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಕೂಲಂಟಿನಲ್ಲಿ ಬೆರೆಸಿರುವ ರಾಸಾಯನಿಕಗಳು ಲೈನರಿನ ಮೇಲೆ ತೆಳುಪದರವಾಗಿ ನಿಂತು ಇದನ್ನು ತಡೆಯುತ್ತವೆ. ಕೂಲಂಟ್ ಇರುವುದು ಚಳಿದೇಶಕ್ಕೆ, ನೀರು ಹೆಪ್ಪುಗಟ್ಟದ ನಮ್ಮೂರಿಗೆ ಅದೇಕೆ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಗಾಡಿಯ ಪುಸ್ತಕ ಹೇಳಿದ ಕೂಲಂಟು, ಅದರ ಜೊತೆಗೆ ಡಿಸ್ಟಿಲ್ಡ್ ವಾಟರು, ಹೇಳಿದಷ್ಟೇ ಪ್ರಮಾಣ. ಹಳೆಯ ನೀರನ್ನು ಪೂರ್ತಿ ಇಳಿಸಿ, ಒಳಗೆ ತೊಳೆದು, ಆಮೇಲೆ ತುಂಬಬೇಕು.

ಮೂರನೆಯದು ಥರ್ಮೋಸ್ಟಾಟ್. ಮೇಣ ತುಂಬಿದ ಈ ಪುಟ್ಟ ವಾಲ್ವು ಎಂಜಿನ್ನು ತಣ್ಣಗಿರುವಾಗ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. 80 ಡಿಗ್ರಿ ದಾಟುವ ಹೊತ್ತಿಗೆ ಮೇಣ ಕರಗಿ ಉಬ್ಬಿ ದಾರಿ ತೆರೆಯುತ್ತದೆ. ಎಂಜಿನ್ನು ಹೀಟಾಗುತ್ತಿದೆ ಎಂದು ಒಯ್ದ ಗಾಡಿಗೆ ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ:

“ಆ ವಾಲು ಕಿತ್ತಾಕ್ಬುಡಣ್ಣ, ಆಮೇಲೆ ಹೀಟೇ ಆಗಕಿಲ್ಲ.”

ಕಿತ್ತ ದಿನ ಮೀಟರಿನ ಮುಳ್ಳು ಇಳಿಯುತ್ತದೆ, ಸಲಹೆ ಕೊಟ್ಟವನಿಗೆ ಹೆಸರು ಬರುತ್ತದೆ. ಆದರೆ ಎಂಜಿನ್ನು ಇನ್ನು ಮುಂದೆ ಹದವಾಗಿ ಕಾಯುವುದೇ ಇಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಗೋಡೆಯಗುಂಟ ಇಳಿದು ಎಂಜಿನ್ ಆಯಿಲ್ಲನ್ನು ತೆಳುವಾಗಿಸುತ್ತದೆ, ರಿಂಗುಗಳು ಬೇಗ ಸವೆಯುತ್ತವೆ, ಮೈಲೇಜು ಬೀಳುತ್ತದೆ. ಇನ್ನೂ ದೊಡ್ಡ ಮೋಸ ಬೇರೆಯಿದೆ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಆ ಬೈಪಾಸ್ ಸದಾ ತೆರೆದಿರುತ್ತದೆ. ಕಾದ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ಕಾಣದೆ ಎಂಜಿನ್ನಿಗೆ ವಾಪಸು ಬರುತ್ತದೆ. ನಂಜನಗೂಡಿನ ಸಪಾಟು ರಸ್ತೆಯಲ್ಲಿ ತಣ್ಣಗಿದ್ದ ಅದೇ ಗಾಡಿ ದಿಂಬಂ ಏರಿನಲ್ಲಿ ಕುದಿಯುವುದು ಹೀಗೆ. ಅಂಗಳದ ಕೆಲಸದಲ್ಲಿ ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ. ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಥರ್ಮಾಮೀಟರ್ ಹಿಡಿದು, ಎಷ್ಟು ಡಿಗ್ರಿಗೆ ತೆರೆಯುತ್ತದೆಂದು ನೋಡಿದರಾಯಿತು. ಕೆಟ್ಟಿದ್ದರೆ ಹೊಸದು ಹಾಕಬೇಕು. ಖಾಲಿ ಬಿಡುವುದು ಯಾವ ಲೆಕ್ಕದಲ್ಲೂ ರಿಪೇರಿಯಲ್ಲ.

ಇದರ ಜೊತೆಗೇ ಹೋಸುಗಳನ್ನು ಕೈಯಲ್ಲಿ ಹಿಸುಕಿ ನೋಡಬೇಕು. ಮೆತ್ತಗಾಗಿ ಊದಿದ್ದರೂ ಬದಲಿಸಬೇಕು, ಗಟ್ಟಿಯಾಗಿ ಬಿರಿದಿದ್ದರೂ ಬದಲಿಸಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆಯಿದ್ದರೆ ಒಳಗಿನ ಸೀಲು ಹೋಗುತ್ತಿದೆ ಎಂದರ್ಥ. ಫ್ಯಾನ್ ಬೆಲ್ಟಿನ ಒಳಮೈ ತಿರುಗಿಸಿ ನೋಡಬೇಕು, ಬಿರುಕು ಮೊದಲು ಕಾಣುವುದು ಅಲ್ಲೇ. ರೇಡಿಯೇಟರಿನ ಮುಂಭಾಗದಲ್ಲಿ ಕೂತ ಹೂವಿನ ಎಸಳು, ಹುಳು, ಧೂಳನ್ನು ಒಳಗಿನಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಬೇಕು.

ಇಷ್ಟು ಮಾಡಿದವನಿಗೆ ಹೆಡ್ ಗ್ಯಾಸ್ಕೆಟ್ ಹೋಗುವ ಭಯ ಮುಕ್ಕಾಲು ಪಾಲು ಕಳೆಯುತ್ತದೆ. ಗ್ಯಾಸ್ಕೆಟ್ ಸುಮ್ಮನೆ ಹೋಗುವುದು ಅಪರೂಪ, ಅತಿಯಾಗಿ ಕಾದ ಹೆಡ್ಡು ಬಾಗಿದಾಗ ಹೋಗುವುದೇ ಹೆಚ್ಚು. ಗುರುತುಗಳು ಮೊದಲೇ ಕಾಣುತ್ತವೆ: ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಕಾರಣವಿಲ್ಲದೆ ಕಡಿಮೆಯಾಗುವ ನೀರು, ಬೆಳಗಿನ ಸ್ಟಾರ್ಟಿನಲ್ಲಿ ಬಿಳಿ ಹೊಗೆ, ಡಿಪ್ ಸ್ಟಿಕ್ಕಿನಲ್ಲಿ ಹಾಲು ಹಾಕಿದ ಕಾಫಿಯಂಥ ಆಯಿಲ್. ಕೊನೆಯದು ಕಂಡಮೇಲೆ ಗಾಡಿ ಓಡಿಸಬಾರದು. ಹೆಡ್ಡು ಇಳಿಸುವ ಕೆಲಸವನ್ನು ಅನುಭವಿ ಕೈಗಳು ಅಂಗಳದಲ್ಲೇ ಮಾಡುತ್ತವೆ. ಇಳಿಸಿದ ಹೆಡ್ಡು ಮಾತ್ರ ಲೇತಿಗೆ ಹೋಗಬೇಕು, ಅದರ ಮೈ ಮಟ್ಟವಾಗಿದೆಯೇ, ಬಿರುಕಿದೆಯೇ ಎಂಬುದು ಅಳತೆಯಲ್ಲಿ ತಿಳಿಯಬೇಕು. ತಿರುಗಿ ಕೂರಿಸುವಾಗ ಟಾರ್ಕ್ ರೆಂಚ್ ಇಲ್ಲದೆ ಬೋಲ್ಟು ಬಿಗಿಯಬಾರದು. ನಡುವಿನಿಂದ ಅಂಚಿಗೆ, ಪುಸ್ತಕ ಹೇಳಿದ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ತೋಳಿನ ಅಂದಾಜು ಎಷ್ಟೇ ಪಳಗಿದ್ದರೂ ಎಲ್ಲ ಬೋಲ್ಟಿಗೂ ಒಂದೇ ಬಿಗಿ ಕೊಡಲಾರದು.

ಕೆಡುವ ಮುಂಚೆಯೇ ಎಂಜಿನ್ ಬಿಚ್ಚುವುದರ ಅರ್ಥ ತಿಳಿಯಲು ದೂರದ ಒಂದು ಉದಾಹರಣೆ ಚೆನ್ನಾಗಿ ಒದಗುತ್ತದೆ. ಅಮೆರಿಕದಲ್ಲಿ 1989ರಿಂದ ಡಾಡ್ಜ್ ಪಿಕಪ್ ಟ್ರಕ್ಕುಗಳಿಗೆ ಕಮ್ಮಿನ್ಸ್ ಕಂಪನಿಯ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ನು ಬಂತು. ಗಟ್ಟಿಮುಟ್ಟು ಎಂದು ಹೆಸರು ಮಾಡಿದ ಎಂಜಿನ್ನು. ಆದರೆ ಅದರ ಮುಂಭಾಗದಲ್ಲಿ, ಟೈಮಿಂಗ್ ಗೇರುಗಳ ಪೆಟ್ಟಿಗೆಯನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲು ಬಡಿದ ಒಂದು ಸಣ್ಣ ಉಕ್ಕಿನ ಡೋವಲ್ ಪಿನ್ನು ವರ್ಷಗಳ ಅದುರಿನಿಂದ ಮೆಲ್ಲಗೆ ಹೊರಗೆ ಸರಿಯುತ್ತಿತ್ತು. ಪೂರ್ತಿ ಹೊರಬಂದರೆ ಬೀಳುವುದು ಗೇರುಗಳ ನಡುವೆಯೇ. ಗೇರಿನ ಹಲ್ಲು ಮುರಿಯಬಹುದು, ಅಲ್ಯೂಮಿನಿಯಮ್ ಪೆಟ್ಟಿಗೆ ಒಡೆಯಬಹುದು. ಎಲ್ಲ ಗಾಡಿಗಳಲ್ಲೂ ಹೀಗಾಗಲಿಲ್ಲ, ಆದರೆ ಯಾವುದರಲ್ಲಿ ಆಗುತ್ತದೆಂದು ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಅಲ್ಲಿನ ಮಾಲೀಕರು ಕಂಡುಕೊಂಡ ಉಪಾಯ ಸರಳ: ಮನೆಯ ಗ್ಯಾರೇಜಿನಲ್ಲೇ ಫ್ಯಾನು, ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಮುಂದಿನ ಮುಚ್ಚಳ ತೆಗೆದು, ಪಿನ್ನನ್ನು ಒಳಕ್ಕೆ ಬಡಿದು, ಪಕ್ಕದ ಬೋಲ್ಟಿನ ಕೆಳಗೆ ಚಿಕ್ಕದೊಂದು ತಗಡಿನ ತುಂಡು ಸಿಕ್ಕಿಸಿ ಅದು ಮತ್ತೆ ಹೊರಬರದಂತೆ ಅಡ್ಡ ಕಟ್ಟುವುದು. ಬೆಳಗ್ಗೆ ಶುರುಮಾಡಿದರೆ ಸಂಜೆಗೆ ಮುಗಿಯುವ ಕೆಲಸ. ಸಾಮಾನಿನ ಬೆಲೆ ಅತ್ಯಲ್ಪ.

ಆ ಎಂಜಿನ್ನಿನ ಮನೆತನ ನಮಗೂ ಅಪರಿಚಿತವಲ್ಲ. 1993ರಲ್ಲಿ ಟಾಟಾ ಮತ್ತು ಕಮ್ಮಿನ್ಸ್ ಕೂಡಿ ಜಮ್‌ಷೆಡ್‌ಪುರದಲ್ಲಿ ಕಂಪನಿ ಕಟ್ಟಿದವು. ಅಲ್ಲಿ ತಯಾರಾದ ಇದೇ ಬಿ ಮಾದರಿಯ ಆರು ಸಿಲಿಂಡರ್ ಎಂಜಿನ್ನು ಟಾಟಾ 1613, 2515ರಂಥ ಲಾರಿಗಳಲ್ಲಿ ನಮ್ಮ ಹೆದ್ದಾರಿಗಳ ಮೇಲೆ ಲಕ್ಷಗಟ್ಟಲೆ ಕಿ.ಮೀ. ಓಡಿದೆ. ಮುಂದಿನ ಮುಚ್ಚಳವನ್ನು ಬೇರೆ ಯಾವ ಕೆಲಸಕ್ಕೆ ಬಿಚ್ಚಿದರೂ ಆ ಪಿನ್ನಿನ ಜಾಗದ ಮೇಲೆ ಒಂದು ಸಲ ಬೆಳಕು ಬಿಟ್ಟು ನೋಡುವುದು ಬುದ್ಧಿವಂತ ಮೆಕ್ಯಾನಿಕ್ಕಿನ ಲಕ್ಷಣ.

ಇದೇ ಮಾದರಿಯ ಎಂಜಿನ್ನಿನಲ್ಲಿ ಟ್ಯಾಪೆಟ್ ಸೆಟ್ಟಿಂಗಿನ, ಅಂದರೆ ವಾಲ್ವಿನ ಸಂದಿನ, ಅಳತೆ ಇನ್‌ಲೆಟ್ಟಿಗೆ 0.25 ಮಿ.ಮೀ., ಎಕ್ಸಾಸ್ಟಿಗೆ 0.50. ಎಕ್ಸಾಸ್ಟ್ ವಾಲ್ವು ಹೆಚ್ಚು ಕಾದು ಹೆಚ್ಚು ಉದ್ದವಾಗುವುದರಿಂದ ಅದಕ್ಕೆ ಹೆಚ್ಚು ಸಂದು. ಸಂದು ಕಡಿಮೆಯಾದರೆ ವಾಲ್ವು ಪೂರ್ತಿ ಕೂರದೆ ಸುಡುತ್ತದೆ, ಹೆಚ್ಚಾದರೆ ಟಕಟಕ ಸದ್ದು ಬಂದು ಪುಷ್ ರಾಡು, ರಾಕರುಗಳು ಪೆಟ್ಟು ತಿನ್ನುತ್ತವೆ. ಎಂಜಿನ್ನು ರಾತ್ರಿಯಿಡೀ ಆರಿದ ಮೇಲೆ ಬೆಳಗ್ಗೆ ಮಾಡಬೇಕಾದ ಕೆಲಸ ಇದು. ಫೀಲರ್ ಗೇಜಿನ ತಗಡು ಸಂದಿನಲ್ಲಿ ತುಸು ಹಿಡಿದು ಸರಿಯಬೇಕು. ಆ ಹಿಡಿತ ಎಷ್ಟಿರಬೇಕೆಂಬುದನ್ನು ಬರಹದಲ್ಲಿ ತಿಳಿಸಲಾಗದು, ಹಿರಿಯ ಮೆಕ್ಯಾನಿಕ್ಕಿನ ಪಕ್ಕ ನಿಂತು ಬೆರಳಿಗೇ ಕಲಿಸಬೇಕು. ಆರು ಸಿಲಿಂಡರಿನಲ್ಲಿ ಉರಿಯುವ ಕ್ರಮ 1-5-3-6-2-4. ಹಳೆಯ ಮೆಕ್ಯಾನಿಕ್ಕುಗಳು ಇದನ್ನು ಮಗ್ಗಿಯ ಹಾಗೆ ಹೇಳುತ್ತಾರೆ. ಬೇರೆ ಎಂಜಿನ್ನುಗಳ ಅಳತೆ ಬೇರೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕಬಾರದು.

ಕರಿಕಲ್ಲಿನ ಕ್ವಾರಿ ಬಾಡಿಗೆ ಮಾಡುವ ಗಾಡಿಗಳಿಗೆ ನೀರಿಗಿಂತ ದೊಡ್ಡ ಶತ್ರು ಧೂಳು. ಕಲ್ಲಿನ ನುಣುಪು ಪುಡಿ ಲೋಹಕ್ಕಿಂತ ಗಟ್ಟಿ. ಏರ್ ಕ್ಲೀನರಿನ ಹೋಸಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅದು ಸಿಲಿಂಡರಿಗೆ ಹೋಗಿ ರಿಂಗುಗಳನ್ನು ಉಜ್ಜಿ ಹಾಕುತ್ತದೆ. ಫಿಲ್ಟರನ್ನು ನೆಲಕ್ಕೆ ಬಡಿದು ಕೊಡವಿ ಮತ್ತೆ ಹಾಕುವ ಅಭ್ಯಾಸದಿಂದ ಕಾಗದ ಹರಿದು ಇದ್ದ ರಕ್ಷಣೆಯೂ ಹೋಗುತ್ತದೆ. ಹೊಸ ಫಿಲ್ಟರು ಹಾಕುವಾಗ ಏರ್ ಕ್ಲೀನರಿನಿಂದ ಎಂಜಿನ್ನಿನವರೆಗೆ ಪ್ರತಿ ಕ್ಲ್ಯಾಂಪನ್ನೂ ಬಿಗಿಯಬೇಕು. ಡೀಸೆಲ್ ಫಿಲ್ಟರಿನದು ಇನ್ನೊಂದು ಎಚ್ಚರ. ಮಳೆಗಾಲದಲ್ಲಿ ವಾಟರ್ ಸಪರೇಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸುತ್ತಿರಬೇಕು. ಫಿಲ್ಟರ್ ಬದಲಿಸಿದ ಮೇಲೆ ಹ್ಯಾಂಡ್ ಪಂಪು ಒತ್ತುತ್ತ, ಗುಳ್ಳೆ ನಿಂತು ಬರಿಯ ಎಣ್ಣೆ ಬರುವ ತನಕ ಏರ್ ತೆಗೆಯಬೇಕು. ಟರ್ಬೊ ಇರುವ ಗಾಡಿಯನ್ನು ಘಾಟಿ ಹತ್ತಿದ ಕೂಡಲೇ ಆಫ್ ಮಾಡಬಾರದು. ಮೂರ್ನಾಲ್ಕು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟರೆ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿದ್ದ ಅದರ ಶಾಫ್ಟು ಆರುತ್ತದೆ, ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುವುದಿಲ್ಲ.

ಇನ್ನು ಗೆರೆಯ ಆಚೆಗಿನ ಕೆಲಸಗಳು. ಡೀಸೆಲ್ ಪಂಪಿನ ಸೀಲು ಒಡೆಯಬಾರದು. ಎಲಿಮೆಂಟು, ಡೆಲಿವರಿ ವಾಲ್ವುಗಳ ಸಂದು ಕಣ್ಣಿಗೆ ಕಾಣುವಂಥದ್ದಲ್ಲ, ಅದಕ್ಕೆ ಡೀಸೆಲ್ ಪಂಪ್ ಸರ್ವಿಸ್ ಅಂಗಡಿಯ ಟೆಸ್ಟ್ ಬೆಂಚೇ ಬೇಕು. ನಾಜಲ್ಲು ಬಿಚ್ಚಿ ಅಲ್ಲಿಗೆ ಒಯ್ಯಬಹುದು, ಅಷ್ಟಕ್ಕೆ ನಿಲ್ಲಬೇಕು. ನಾಜಲ್ಲು ಎರಚುವುದನ್ನು ಅಂಗೈ ಒಡ್ಡಿ ನೋಡುವ ದುಸ್ಸಾಹಸ ಮಾಡಿದವರ ಕೈಗೆ ಡೀಸೆಲ್ ಚರ್ಮ ಭೇದಿಸಿ ಹೊಕ್ಕದ್ದುಂಟು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಕೈಯೇ ಕೊಳೆಯಬಹುದು, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು. ಹಳೆಯ ಪಂಪಿನ ಗಾಡಿಯಲ್ಲಿ ನಾಜಲ್ಲು ತೆರೆಯುವುದು ಇನ್ನೂರು ಬಾರಿನ ಆಸುಪಾಸಿನಲ್ಲಿ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರದೈನೂರು ಬಾರನ್ನೂ ಮೀರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಗಳಲ್ಲಿ ಇದರ ಜೊತೆಗೆ ಹೊಗೆ ಶುದ್ಧಿ ಮಾಡುವ ಫಿಲ್ಟರು, ಯೂರಿಯಾ ದ್ರವದ ಟ್ಯಾಂಕು, ಹತ್ತಾರು ಸೆನ್ಸರು. ಅವುಗಳ ರೋಗ ಹೇಳುವುದು ಸ್ಕ್ಯಾನರು. ಇಂಥ ಗಾಡಿಯಲ್ಲಿ ಅಂಗಳದ ಕೆಲಸ ನೀರು, ಗಾಳಿ, ಆಯಿಲ್, ಫಿಲ್ಟರು, ಬೆಲ್ಟು, ಹೋಸುಗಳಿಗೆ ಸೀಮಿತವಾಗಬೇಕು. ಐಟಿಐಯಲ್ಲಿ ಒಂದು ವರ್ಷದ ‘ಮೆಕ್ಯಾನಿಕ್ ಡೀಸೆಲ್’ ಮುಗಿಸಿದ ಹುಡುಗರು ಹಳ್ಳಿಹಳ್ಳಿಯಲ್ಲಿದ್ದಾರೆ. ಅವರಿಗೆ ಸ್ಕ್ಯಾನರ್ ಹಿಡಿಯುವ ಅಭ್ಯಾಸ ಸಿಕ್ಕರೆ ಮೈಸೂರಿಗೆ ಗಾಡಿ ಎಳೆಸುವ ಖರ್ಚು ಎಷ್ಟೋ ಮನೆಗಳಿಗೆ ಉಳಿಯುತ್ತದೆ.

ಜೀವದ ಎಚ್ಚರಗಳನ್ನೂ ಹೇಳಬೇಕು. ಜಾಕಿಯನ್ನೊಂದೇ ನಂಬಿ ಗಾಡಿಯ ಕೆಳಗೆ ಹೋಗಬಾರದು, ಸ್ಟ್ಯಾಂಡು ಕೊಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಕ್ಯಾಬಿನ್ ಎತ್ತುವ ಗಾಡಿಯಲ್ಲಿ ಅದರ ಲಾಕು ಬಿದ್ದಿದೆಯೇ ಎಂದು ಎರಡು ಸಲ ನೋಡಬೇಕು. ಬ್ಯಾಟರಿಯ ಮೈನಸ್ ವಯರು ಮೊದಲು ಬಿಚ್ಚಬೇಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಎಂಜಿನ್ ಓಡುತ್ತಿರುವಾಗ ಲುಂಗಿ, ಹೆಗಲ ಟವೆಲು, ಮಕ್ಕಳು ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು.

ಇಷ್ಟೆಲ್ಲ ಕ್ರಮ ಒಬ್ಬಂಟಿ ಮಾಲೀಕನಿಗೆ ಸಾಧ್ಯವೇ ಎಂದು ಕೇಳುವವರಿಗೆ ಊರಿನ ಬಸ್ ಡಿಪೋವನ್ನೇ ತೋರಿಸಬಹುದು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಹುಟ್ಟಿದ ಇಂದಿನ ಕೆಎಸ್‌ಆರ್‌ಟಿಸಿಗೆ ಚಾಮರಾಜನಗರದಲ್ಲಿ ವಿಭಾಗವಿದೆ, ಗುಂಡ್ಲುಪೇಟೆಯಲ್ಲಿ ಡಿಪೋ ಇದೆ. ಅಲ್ಲಿ ಬಸ್ಸು ಕೆಟ್ಟಿದೆಯೋ ಇಲ್ಲವೋ, ದಿನದ ತಪಾಸಣೆ ಬೇರೆ, ವಾರದ್ದು ಬೇರೆ, ಇಂತಿಷ್ಟು ಕಿ.ಮೀ. ಓಡಿದ ಮೇಲೆ ‘ಡಾಕಿಂಗ್’ ಎಂದು ಪೂರ್ತಿ ನೋಡುವುದು ಬೇರೆ. ಎಲ್ಲವೂ ಪುಸ್ತಕದಲ್ಲಿ ದಾಖಲಾಗುತ್ತದೆ. ಮಾಲೀಕನಿಗೆ ಬೇಕಾದದ್ದೂ ಅಂಥ ಒಂದು ನೋಟ್‌ಬುಕ್ಕು: ಯಾವ ದಿನ, ಎಷ್ಟು ಕಿ.ಮೀ., ಏನು ಬದಲಿಸಿದ್ದು, ಎಷ್ಟು ಆಯಿಲ್ ಹಿಡಿಯಿತು. ಎಷ್ಟೋ ಮನೆಗಳಲ್ಲಿ ಇದನ್ನು ಬರೆಯುವುದು ಓದುವ ಮಗಳೋ ಮಗನೋ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಈ ಸಲ ಅಂಟಿದ ಕಬ್ಬಿಣದ ಪುಡಿ ಹೋದ ಸಲಕ್ಕಿಂತ ಹೆಚ್ಚೋ ಎಂಬ ಪ್ರಶ್ನೆಗೆ ನೆನಪು ಉತ್ತರ ಕೊಡದು, ನೋಟ್‌ಬುಕ್ಕು ಕೊಡುತ್ತದೆ.

ಕೆಲಸ ಮುಗಿದ ಗಾಡಿಯನ್ನು ನೇರ ಲೋಡಿಗೆ ಬಿಡಬಾರದು. ಐಡ್ಲಿಂಗಿನಲ್ಲಿ ಕಾಯಿಸಿ, ಸೋರಿಕೆ ನೋಡಿ, ಖಾಲಿ ಗಾಡಿಯನ್ನು ಚಾಮರಾಜನಗರದ ತನಕವೋ ಬೇಗೂರಿನ ತನಕವೋ ಓಡಿಸಿ ತಂದು, ಪೂರ್ತಿ ಆರಿದ ಮೇಲೆ ನೀರಿನ ಮಟ್ಟ, ಆಯಿಲ್ ಮಟ್ಟ, ಕ್ಲ್ಯಾಂಪುಗಳನ್ನು ಮತ್ತೊಮ್ಮೆ ನೋಡಬೇಕು.

ಆಗ ಅಂಗಳದಲ್ಲಿ ಉಳಿಯುವುದು ಹಳೆಯ ಆಯಿಲ್. ಆರು ಸಿಲಿಂಡರ್ ಎಂಜಿನ್ನಿಗೆ ಹದಿನೈದು ಲೀಟರ್ ಆಸುಪಾಸು. ಅದನ್ನು ಬೇಲಿಯ ಬುಡಕ್ಕೆ ಸುರಿಯುವುದು, ಗೆದ್ದಲಿಗೆಂದು ಮರಕ್ಕೆ ಬಳಿಯುವುದು, ಚರಂಡಿಗೆ ಬಿಡುವುದು ಇಲ್ಲಿ ಇನ್ನೂ ನಡೆದಿದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅದರಲ್ಲಿ ಸವೆದ ಲೋಹದ ಕಣವಿದೆ, ಸುಟ್ಟ ಎಣ್ಣೆಯ ವಿಷವಿದೆ, ಮಳೆಯೊಂದಿಗೆ ಇಳಿದರೆ ಅದು ಸೇರುವುದು ಕುಡಿಯುವ ಬೋರ್‌ವೆಲ್ಲಿಗೆ. ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟು, ಶುದ್ಧೀಕರಿಸುವ ಅನುಮತಿ ಇರುವವರಿಗೇ ಕೊಡಬೇಕು. 2024ರ ಏಪ್ರಿಲ್‌ನಿಂದ ಬಳಸಿದ ಆಯಿಲ್ ಮರುಶುದ್ಧಿಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಅದನ್ನು ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ಆ ಹೊಣೆ ತೆರಕಣಾಂಬಿಯ, ಬೇಗೂರಿನ, ಹಂಗಳದ ಅಂಗಳಗಳನ್ನು ತಲುಪಬೇಕಾದರೆ ಹೋಬಳಿಗೊಂದು ಸಂಗ್ರಹದ ಡ್ರಮ್ಮು ಬೇಕು. ಡೀಸೆಲ್ ಮಾರುವ ಬಂಕುಗಳಲ್ಲಿ ಅದನ್ನು ಇಡಿಸುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವೇನಲ್ಲ.